ಮನೆ ಯೋಜನೆ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ

ಗೋಡೆ ಏಳುವ ಮೊದಲೇ ಮನೆಯ ಕೋಣೆ, ಬಾಗಿಲು, ಕಿಟಕಿ, ನೀರು ಬರುವ ಹೋಗುವ ದಾರಿ, ಗಾಳಿ ಬೆಳಕು ಇವುಗಳನ್ನು ಗೊತ್ತುಮಾಡಿಕೊಳ್ಳುವ ಕೆಲಸವೇ ಮನೆ ಯೋಜನೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಈ ಕೆಲಸ ನಾಲ್ವರ ಕೈಯಲ್ಲಿ ಹಂಚಿಹೋಗಿದೆ: ದುಡ್ಡು ಹಾಕುವ ಯಜಮಾನ, ನಕ್ಷೆ ಬರೆಯುವ ಎಂಜಿನಿಯರು, ಆಯ ನೋಡುವ ಜೋಯಿಸರು, ಕಟ್ಟುವ ಗವಂಡಿ. ಮಾತು ಸಾಮಾನ್ಯವಾಗಿ ಎಷ್ಟು ಬೆಡ್‌ರೂಮು, ಬಾಗಿಲು ಯಾವ ದಿಕ್ಕಿಗೆ ಎನ್ನುವಲ್ಲಿಂದ ಶುರುವಾಗುತ್ತದೆ. ಆದರೆ ಈ ಸೀಮೆಯಲ್ಲಿ ಮನೆ ಕೆಟ್ಟದ್ದು ಹೆಚ್ಚಾಗಿ ದಿಕ್ಕಿನಿಂದಲ್ಲ. ಕೆಳಗಿನ ಎರೆಮಣ್ಣಿನಿಂದ, ಪಕ್ಕದ ಹೊಳೆಯಿಂದ, ಮನೆಯೊಳಗೆ ನಡೆಯುವ ಕೆಲಸವನ್ನು ಲೆಕ್ಕಕ್ಕೆ ಹಿಡಿಯದ ನಕ್ಷೆಯಿಂದ.

ಸೀಮೆ ಒಂದೇ ಆದರೂ ನೆಲ ಒಂದೇ ಅಲ್ಲ. ಹುಕ್ಕೇರಿಯ ಪಶ್ಚಿಮದ ಅಂಚಿನಲ್ಲಿ, ಸಂಕೇಶ್ವರ ಯಮಕನಮರಡಿಗಳ ಕಡೆ, ಸಹ್ಯಾದ್ರಿಯ ಮಳೆಯ ಸೆರಗು ತಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತ ಹೋಗಿ ಮೂಡಲಗಿ ಹೊತ್ತಿಗೆ ಬಯಲುನಾಡೇ ಆಗುತ್ತದೆ. ಗೋಕಾಕ ಜಲಪಾತದ ಸುತ್ತ ಕಲಾದಗಿ ಗುಂಪಿನ ಗಟ್ಟಿ ಮರಳುಗಲ್ಲು. ಅದನ್ನು ಬಿಟ್ಟರೆ ಕಪ್ಪು ಕಲ್ಲು ಮತ್ತು ಅದು ಸವೆದು ಆದ ಎರೆಭೂಮಿ. ನಡುನಡುವೆ ಮಸಾರಿ, ಅಂದರೆ ಕೆಂಪು ಮಣ್ಣು, ಮತ್ತು ಕಲ್ಲುನೆಲದ ಮಡ್ಡಿ. ಘಟಪ್ರಭೆ ಮೂರೂ ತಾಲೂಕುಗಳನ್ನು ಹೊಲಿದಂತೆ ಹರಿಯುತ್ತದೆ. ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯ, ಕೆಳಗೆ 1897ರ ಧೂಪದಾಳ ಒಡ್ಡು, ಅಲ್ಲಿಂದ ಹೊರಟ ಕಾಲುವೆ. ಹಿರಣ್ಯಕೇಶಿ ಹುಕ್ಕೇರಿ ತಾಲೂಕಿನಲ್ಲೇ ಕೂಡಿಕೊಂಡರೆ ಮಾರ್ಕಂಡೇಯ ಗೋಕಾಕದ ಹತ್ತಿರ ಕೂಡುತ್ತದೆ.

ಹಳೆಯ ಮನೆ

ಈ ಭಾಗದ ಹಳೆಯ ಒಕ್ಕಲು ಮನೆಯನ್ನು ಅಳೆಯುತ್ತಿದ್ದದ್ದು ಚದರಡಿಯಲ್ಲಲ್ಲ, ಅಂಕಣದಲ್ಲಿ. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ತೊಲೆಗೆ ಸಿಕ್ಕ ಮರದ ಉದ್ದವೇ ಅಂಕಣದ ಅಳತೆ ಆದ್ದರಿಂದ ಮನೆಯ ಪ್ರಮಾಣವನ್ನು ಕಾಡು ತೀರ್ಮಾನಿಸುತ್ತಿತ್ತು ಎಂದರೂ ತಪ್ಪಿಲ್ಲ. ತಲಬಾಗಿಲು ದಾಟಿದೊಡನೆ ಒಂದು ಮಗ್ಗುಲಿಗೆ ದಂದಕ್ಕಿ, ಅಂದರೆ ದನ ಕಟ್ಟುವ ಜಾಗ, ಅಲ್ಲೇ ಮೇವು ಹಾಕುವ ಗ್ವಾದಲಿ. ಎದುರಿಗೆ ಎರಡು ಮೆಟ್ಟಿಲು ಎತ್ತರದ ಪಡಸಾಲೆ. ಅದರ ಹಿಂದೆ ನಡುಮನೆ, ಅಡುಗೆಮನೆ, ದೇವರ ಜಗಲಿ. ಬದಿಗೆ ಬಚ್ಚಲು, ಆಚೆ ಹಿತ್ತಲು. ಕಾಳಿಗೆ ಹಗೇವು. ಹೊರಗೆ ಬೀದಿಗೆ ಹತ್ತಿದ ಕಟ್ಟೆ.

ಪೂರ್ವದ ಊರುಗಳಲ್ಲಿ ಮೇಲೆ ಮಾಳಿಗೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಕಸಕಡ್ಡಿಯ ಹಾಸು, ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ದಪ್ಪ ಪದರ. ಬೆಳಕಿಗೆ ಮಾಳಿಗೆಯಲ್ಲೇ ಕೊರೆದ ಬೆಳಕಿಂಡಿ. ಮಳೆ ಬಂದಾಗ ಯಾರಾದರೂ ಮೇಲಕ್ಕೆ ಓಡಿ ಅದನ್ನು ಮುಚ್ಚಬೇಕು. ಪಶ್ಚಿಮಕ್ಕೆ ಹೋದಂತೆ ಮಾಳಿಗೆ ಕಡಿಮೆಯಾಗಿ ಇಳಿಜಾರಿನ ಹಂಚು ಬರುತ್ತದೆ. ಕಾರಣ ಸರಳ: ಮಣ್ಣಿನ ಮಾಳಿಗೆ ಹದ ಮಳೆಯನ್ನು ತಡೆಯಬಲ್ಲದು, ವಾರಗಟ್ಟಲೆ ಹಿಡಿಯುವ ಮಳೆಯನ್ನಲ್ಲ.

ದಪ್ಪ ಗೋಡೆ, ದಪ್ಪ ಮಾಳಿಗೆ ಹಗಲಿನ ಬಿಸಿಯನ್ನು ಹೀರಿಕೊಂಡು ಒಳಗೆ ಬಿಡುವುದಕ್ಕೆ ಗಂಟೆಗಟ್ಟಲೆ ಹೊತ್ತು ಹಿಡಿಯುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಪಡಸಾಲೆ ತಣ್ಣಗಿರುತ್ತಿದ್ದುದು ಇದರಿಂದ. ಹಾಗೆಂದು ಹಳೆಯದೆಲ್ಲ ಹೊನ್ನೆಂದು ಹೊಗಳುವವರ ಜೊತೆ ಈ ಲೇಖಕ ಇಲ್ಲ. ಒಲೆಯ ಹೊಗೆ ಹೋಗಲು ದಾರಿಯಿಲ್ಲದ ಅಡುಗೆಮನೆ, ಬೆಳಕೇ ಕಾಣದ ಬಾಣಂತಿ ಕೋಣೆ, ಮನುಷ್ಯರೂ ದನಗಳೂ ಒಂದೇ ಬಾಗಿಲಲ್ಲಿ ಓಡಾಡುವ ವ್ಯವಸ್ಥೆ ಹೆಂಗಸರ ಆರೋಗ್ಯವನ್ನು ತಿಂದುಹಾಕಿದವು. ಇನ್ನೂ ಘೋರವಾದದ್ದು ಭೂಕಂಪದ ಭಯ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಸುಮಾರು ಹತ್ತು ಸಾವಿರ ಜನ ಸತ್ತರು. ಬಹಳಷ್ಟು ಜನರನ್ನು ಕೊಂದದ್ದು ಇದೇ ಜಾತಿಯ ಮನೆ: ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ಗೋಡೆ, ಮೇಲೆ ಟನ್‌ಗಟ್ಟಲೆ ಮಣ್ಣು. ಭಾರತೀಯ ಮಾನಕ 1893ರ 2002ರ ಆವೃತ್ತಿ ಬೆಳಗಾವಿಯನ್ನು ಮೂರನೇ ಭೂಕಂಪ ವಲಯಕ್ಕೆ ಸೇರಿಸಿದೆ. ಹಳೆಯ ಗೋಡೆ ಉಳಿಸಿಕೊಂಡು ಮೇಲೆ ಸ್ಲ್ಯಾಬ್ ಹಾಕಿಸುವವರು ಇದನ್ನು ಮರೆಯಬಾರದು. ಬಾಗಿಲು ಕಿಟಕಿಗಳ ನೆತ್ತಿಯಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವ ಕಾಂಕ್ರೀಟ್ ಪಟ್ಟಿ ಹೊಸ ಮನೆಯಲ್ಲಿ ಇರಲೇಬೇಕು. ಖರ್ಚಿನ ನೆಪದಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ.

ನೆಲ ಮತ್ತು ನೀರು

ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಹೊಲದ ಬಿರುಕಿಗೆ ಕೋಲು ಇಳಿಬಿಟ್ಟರೆ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಈ ಸೀಮೆಯ ಎಲ್ಲ ರೈತರಿಗೂ ಗೊತ್ತು. ಪಾಯ ಆ ಬಿರುಕಿನ ಆಳಕ್ಕಿಂತ ಕೆಳಗೆ ಕೂರಬೇಕು, ಇಲ್ಲವೇ ಕೆಳಗಿನ ಗರಸಿನ ಪದರ ಮುಟ್ಟಬೇಕು. ಮೇಲೆ ಕಂಬಗಳನ್ನೆಲ್ಲ ಕಟ್ಟಿಹಾಕುವ ಪ್ಲಿಂಥ್ ಬೀಮ್, ಗೋಡೆಯ ಸುತ್ತ ಗರಸು ತುಂಬಿ ನೀರು ಇಂಗದಂತೆ ಹಾಸಿದ ಫರಸಿ, ಗೋಡೆಗೆ ತೀರ ಹತ್ತಿರ ಗಿಡ ಹಚ್ಚದ ಎಚ್ಚರ, ಇಷ್ಟು ಇದ್ದರೆ ಎರೆಯ ಮೇಲೂ ಮನೆ ನಿಲ್ಲುತ್ತದೆ. ಎರೆಯ ಪದರ ಬಹಳ ಆಳವಿದ್ದಲ್ಲಿ ಕೆಳತುದಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಗೂಟಗಳ ಪಾಯವನ್ನು ಎಂಜಿನಿಯರರು ಸೂಚಿಸುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ವಿಧಾನ ಇದು. ಮಸಾರಿಯ ಮೇಲೆ ಕಟ್ಟಿದ ಬೀಗರ ಮನೆಯ ಪಾಯದ ಅಳತೆಯನ್ನು ತಂದು ಎರೆಯ ಮೇಲೆ ಇಳಿಸುವುದು ಇಲ್ಲಿ ಕಾಣುವ ಸಾಮಾನ್ಯ ತಪ್ಪು. ಎರಡು ಮಳೆಗಾಲ ಕಳೆಯುವುದರೊಳಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ.

ಮೂಡಲಗಿ ಕಡೆಯ ತೊಂದರೆ ಬೇರೆ. ಕಾಲುವೆ ನೀರು ದಶಕಗಟ್ಟಲೆ ಹರಿದ ನೆಲದಲ್ಲಿ ತೇವ ಮೇಲೆಯೇ ನಿಂತಿರುತ್ತದೆ, ಕೆಲವು ಕಡೆ ಸವಳು. ಆ ಉಪ್ಪು ನೀರನ್ನು ಇಟ್ಟಂಗಿ ದೀಪದ ಬತ್ತಿಯಂತೆ ಹೀರುತ್ತದೆ; ಗೋಡೆಯ ಬುಡದಲ್ಲಿ ಸುಣ್ಣ ಉದುರಿ ಬಿಳಿ ಹಿಟ್ಟು ಕಾಣಿಸುತ್ತದೆ. ಪ್ಲಿಂಥಿನ ಮೇಲೆ, ಗೋಡೆ ಶುರುವಾಗುವ ಮುನ್ನ, ತೇವ ತಡೆಯುವ ಪದರ ಹಾಕಿದ್ದರೆ ಇದು ಆಗುವುದಿಲ್ಲ. ಆಮೇಲೆ ಎಂಥ ದುಬಾರಿ ಬಣ್ಣ ಬಳಿದರೂ ಮುಚ್ಚುವುದಿಲ್ಲ.

ಇನ್ನು ಹೊಳೆ. 2019ರ ಆಗಸ್ಟಿನಲ್ಲಿ ಮೇಲಿನ ಜಲಾಶಯದಿಂದ ಬಿಟ್ಟ ನೀರು, ಹಿರಣ್ಯಕೇಶಿ, ಮಾರ್ಕಂಡೇಯ ಎಲ್ಲ ಒಂದೇ ಹೊತ್ತಿಗೆ ಬಂದು ಗೋಕಾಕ ಪೇಟೆಯೊಳಗೇ ಹೊಳೆ ಹರಿಯಿತು. ಲೋಳಸೂರ ಸೇತುವೆ ಮುಳುಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಲ್ಲಿಕಾರ್ಜುನ ಗುಡ್ಡದ ಮೇಲಿನ ದೊಡ್ಡ ಬಂಡೆಗಳು ಉರುಳಿ ಬರುವ ಭಯ ಹುಟ್ಟಿ ಕೆಳಗಿನ ಓಣಿಗಳ ಜನ ನಿದ್ದೆಗೆಟ್ಟರು. ಹೊಳೆಗೂ ಗುಡ್ಡಕ್ಕೂ ನಡುವೆ ಬೆಳೆದ ಊರು ಗೋಕಾಕ.

ನೆರೆಯ ಮಟ್ಟ ತಿಳಿಯಲು ಯಾವ ಕಚೇರಿಗೂ ಅಲೆಯಬೇಕಿಲ್ಲ. ಓಣಿಯ ಯಾವುದಾದರೂ ಹಳೆಯ ಗೋಡೆಯ ಮೇಲೆ 2019ರ ನೀರು ಎಲ್ಲಿಗೆ ಬಂದಿತ್ತು ಎಂದು ಅಲ್ಲಿಯ ಅಜ್ಜಿ ಕೈಯಿಟ್ಟು ತೋರಿಸುತ್ತಾರೆ. ಗವಂಡಿಯ ಬಳಿ ಇರುವ ನೀರು ತುಂಬಿದ ಲೆವೆಲ್ ಪೈಪಿನ ಒಂದು ತುದಿಯನ್ನು ಆ ಗುರುತಿಗೆ ಹಿಡಿದು ಇನ್ನೊಂದು ತುದಿಯನ್ನು ಹೊಸ ಜಾಗದಲ್ಲಿ ನೆಟ್ಟ ಗೂಟಕ್ಕೆ ಹಿಡಿದರೆ ನೀರಿನ ಮಟ್ಟ ಅಲ್ಲಿಗೇ ಬಂದು ನಿಲ್ಲುತ್ತದೆ. ಗೂಟಕ್ಕೆ ಗೆರೆ ಹಾಕಿ, ಪ್ಲಿಂಥನ್ನು ಅದಕ್ಕಿಂತ ಮೇಲೆ ಎತ್ತಿ. ಅಷ್ಟು ಎತ್ತಲು ಆಗದಿದ್ದರೆ ಕರೆಂಟಿನ ಬೋರ್ಡುಗಳನ್ನಾದರೂ ಗೆರೆಯ ಮೇಲೆ ಕೂರಿಸಿ, ಕಾಳುಕಡಿ ಕಾಗದಪತ್ರ ಇಡಲು ಅಟ್ಟ ಮಾಡಿಸಿ, ಮಾಳಿಗೆಗೆ ಮನೆಯೊಳಗಿನಿಂದ ಹತ್ತುವ ದಾರಿ ಇಟ್ಟುಕೊಳ್ಳಿ. ಮಣ್ಣಿನಲ್ಲಿ ಕಟ್ಟಿದ ಗೋಡೆ ಎರಡು ದಿನ ನೀರಿನಲ್ಲಿ ನಿಂತರೆ ಕರಗುತ್ತದೆ; ಸಿಮೆಂಟಿನ ಗೋಡೆ ತೊಳೆದುಕೊಂಡು ನಿಲ್ಲುತ್ತದೆ.

ನೆರೆಯಾದ ಮೇಲೆ ಕಟ್ಟಿದ ಮನೆಗಳ ಅನುಭವವೂ ಯೋಜನೆಯ ಪಾಠವೇ. 2009ರ ಅಕ್ಟೋಬರಿನ ಮಹಾಪೂರದ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಹೆಸರಿನಲ್ಲಿ ಊರುಗಳನ್ನೇ ಹೊಸದಾಗಿ ಕಟ್ಟಿದರು. ಎತ್ತರದ ಜಾಗ, ಸಾಲು ಮನೆ, ನೇರ ರಸ್ತೆ. ಆದರೂ ಎಷ್ಟೋ ಕುಟುಂಬಗಳು ಹೋಗಲಿಲ್ಲ, ಹೋದವರು ಮರಳಿದರು. ದನ ಕಟ್ಟುವುದೆಲ್ಲಿ, ಕಣಿಕೆ ಒಟ್ಟುವುದೆಲ್ಲಿ, ಹೊಲ ಇಷ್ಟು ದೂರವಾದರೆ ಹೇಗೆ, ಈ ಪ್ರಶ್ನೆಗಳಿಗೆ ಆ ನಕ್ಷೆಯಲ್ಲಿ ಉತ್ತರವಿರಲಿಲ್ಲ.

ಜಾಗ ಮತ್ತು ಕಾಗದ

ಇಲ್ಲಿ ಮನೆ ಜಾಗದ ಮಾತು ಗುಂಟೆಯಲ್ಲಿ. ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಲೇಔಟಿನ ಪ್ಲಾಟು 30ಕ್ಕೆ 40. ಗ್ರಾಮ ಪಂಚಾಯತಿ ಜಾಗಕ್ಕೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಗೋಕಾಕ ನಗರಸಭೆ ಅಥವಾ ಮೂಡಲಗಿ, ಹುಕ್ಕೇರಿ, ಸಂಕೇಶ್ವರ ಪುರಸಭೆಗಳಲ್ಲಾದರೆ ಅಲ್ಲಿಯ ಖಾತೆ, ಕಟ್ಟಲು ಪರವಾನಿಗೆ. ಹೊಲವನ್ನು ಮನೆ ಜಾಗ ಮಾಡಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಬೇಕು. ಜನ ಇದಕ್ಕೆ ‘ಎನ್.ಎ. ಮಾಡಿಸೋದು’ ಎನ್ನುತ್ತಾರೆ. ಎನ್.ಎ. ಆಗದ ಹೊಲದ ತುಂಡನ್ನು ಕೈಬರಹದ ಕಾಗದದ ಮೇಲೆ ಕೊಂಡವರಿಗೆ ಬ್ಯಾಂಕಿನ ಸಾಲ ಸಿಗುವುದಿಲ್ಲ. ಇಷ್ಟು ತಿಳಿದಿದ್ದರೆ ಸಾಕು. ಉಳಿದದ್ದು ವಕೀಲರ ಕೆಲಸ.

ಘಟಪ್ರಭೆಯ ನೀರಾವರಿ ಪ್ರದೇಶದಲ್ಲಿ ಬಹಳಷ್ಟು ಕುಟುಂಬಗಳು ಊರು ಬಿಟ್ಟು ತೋಟದ ಮನೆಯಲ್ಲೇ ಇರುತ್ತವೆ. ಒಕ್ಕಲುತನಕ್ಕೆ ಬೇಕಾದ ಕಟ್ಟಡವನ್ನು ರೈತ ತನ್ನ ಹೊಲದಲ್ಲಿ ಕಟ್ಟಿಕೊಳ್ಳಲು ಅದೇ ಕಲಮಿನಲ್ಲಿ ಅವಕಾಶವಿದೆ. ತೋಟದ ಮನೆಯ ನಕ್ಷೆ ಪೇಟೆಯ ಮನೆಯದಕ್ಕಿಂತ ಪೂರ್ತಿ ಬೇರೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ತನ್ನ ಡಬ್ಬಿಯ ಸಮೇತ ತಿರುಗಲು ಜಾಗ ಬೇಕು, ಗೊಬ್ಬರದ ತಿಪ್ಪೆ ಗಾಳಿ ಹೋಗುವ ಕಡೆಗೆ ಇರಬೇಕು, ರಾತ್ರಿ ಪಾಳಿಯಲ್ಲಿ ನೀರು ಹಾಯಿಸಿ ಬಂದವನು ಮನೆಯವರ ನಿದ್ದೆ ಕೆಡಿಸದೆ ಕಾಲು ತೊಳೆದು ಒಳಗೆ ಬರುವಂತಿರಬೇಕು. ಹುಕ್ಕೇರಿ ತಾಲೂಕಿನ ತೋಟದ ಮನೆಗಳಿಗೆ ಕರೆಂಟು ಕೊಡುವುದು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ವಿದ್ಯುತ್ ಹಂಚುವ ಸಹಕಾರಿ ಸಂಘ ಅದೊಂದೇ.

ನಕ್ಷೆ

ಮೊದಲು ಸೂರ್ಯ. ಗೋಕಾಕ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡುಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇ ಮೊದಲ ವಾರ ನೆತ್ತಿಯ ಮೇಲೇ ಬರುತ್ತಾನೆ. ಜೂನಿನಲ್ಲಿ ತುಸು ಉತ್ತರಕ್ಕೂ ದಾಟುತ್ತಾನೆ. ಹಾಗಾಗಿ ಬೇಸಗೆಯಲ್ಲಿ ಮನೆ ಕಾಯಿಸುವುದು ದಕ್ಷಿಣದ ಗೋಡೆಯಲ್ಲ, ಮಾಳಿಗೆ. ಅದರ ನಂತರ ಪೂರ್ವ ಪಶ್ಚಿಮದ ಗೋಡೆಗಳು. ದಕ್ಷಿಣದ ಕಿಟಕಿಗೆ ಎರಡು ಅಡಿ ಸಜ್ಜೆ ಹಾಕಿದರೆ ಚಳಿಗಾಲದಲ್ಲೂ ನಡುಹಗಲಿಗೆ ಎರಡಡಿಗಿಂತ ತುಸು ಹೆಚ್ಚು ಕೆಳಗಿನವರೆಗೆ ನೆರಳು ಬೀಳುತ್ತದೆ, ಅದರ ಕೆಳಗೆ ಬಿಸಿಲು ಒಳಗೆ ಬರುತ್ತದೆ. ಪಶ್ಚಿಮಕ್ಕೆ ಎಷ್ಟು ಉದ್ದದ ಸಜ್ಜೆ ಹಾಕಿದರೂ ಸಂಜೆಯ ಓರೆ ಬಿಸಿಲು ತಡೆಯುವುದಿಲ್ಲ. ಆ ಕಡೆ ಬಚ್ಚಲು, ಜಿನೆ (ಮೆಟ್ಟಿಲ ಸಾಲು), ಸಾಮಾನು ಕೋಣೆ ಇಡುವುದು ಜಾಣತನ. ಬಾಗಿಲು ಬಿಟ್ಟು ಕಿಟಕಿಗಳ ತೆರಪು ಬಿಸಿ ಒಣ ಹವೆಯ ಊರಿನಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗಕ್ಕೆ ಕಡಿಮೆ ಆಗಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಎದುರುಬದುರು ಗೋಡೆಗಳಲ್ಲಿ ಇದ್ದರೆ ಮಾತ್ರ ಅದರಿಂದ ಗಾಳಿ.

ಅದೇ ಸಂಹಿತೆಯ ಪ್ರಕಾರ ವಾಸದ ಕೋಣೆ ಕನಿಷ್ಠ 9.5 ಚದರ ಮೀಟರು, ಅಂದರೆ ಹೆಚ್ಚುಕಡಿಮೆ ಹತ್ತಡಿಗೆ ಹತ್ತಡಿ. ಅಡುಗೆಮನೆ ಕನಿಷ್ಠ 5 ಚದರ ಮೀಟರು. ಒಳಗಿನ ಎತ್ತರ 2.75 ಮೀಟರು. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಯಾದರೋ ಅಡುಗೆ ಜಾಗ ಸೇರಿ 25 ಚದರ ಮೀಟರು, ಗುಂಟೆಯ ಕಾಲು ಭಾಗ. ಕನಿಷ್ಠ ಅಳತೆ ಎಂದರೆ ಕಾನೂನಿನ ಅಳತೆ, ಬಾಳುವೆಯದಲ್ಲ. ನೆಲದ ಮೇಲೆ ಕೂತು ರೊಟ್ಟಿ ಬಡಿಯುವ ಮನೆಯಲ್ಲಿ ಐದು ಚದರ ಮೀಟರಿನ ಅಡುಗೆಮನೆ, ಅದರಲ್ಲೂ ಗೋಡೆಗುಂಟ ಕಟ್ಟೆ, ನಡುವೆ ಮೊಣಕಾಲಿಗೆ ಜಾಗವಿಲ್ಲ. ಅದಕ್ಕೇ ಎಷ್ಟೋ ಹೊಸ ಮನೆಗಳಲ್ಲಿ ಗ್ರಾನೈಟ್ ಹಾಸಿದ ಚಂದದ ಅಡುಗೆಮನೆ ಒಳಗಿದೆ, ನಿಜವಾದ ಅಡುಗೆ ಹಿತ್ತಲಿನ ಪತ್ರಾಸಿನ ಕೆಳಗೆ ನಡೆಯುತ್ತಿದೆ. ಆ ಹಿತ್ತಲಿನ ಅಡುಗೆ ಜಾಗವನ್ನು ನಕ್ಷೆಯಲ್ಲೇ ಬರೆದು, ಹೊಗೆ ಹೋಗಲು ಚಿಮಣಿ ಇಟ್ಟು, ಕುಡಿಯುವ ನೀರಿನ ನಳ ಅಲ್ಲಿಗೆ ಬರುವಂತೆ ಮಾಡುವುದು ಒಳ್ಳೆಯದು.

ಜಿನೆ ಎಷ್ಟು ಜಾಗ ತಿನ್ನುತ್ತದೆ ಎನ್ನುವುದನ್ನು ಬಹುಪಾಲು ಯಜಮಾನರು ಅಂದಾಜಿಸಿರುವುದಿಲ್ಲ. ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ ಎಂದರೆ 126 ಅಂಗುಲ. ಮೆಟ್ಟಿಲಿನ ಎತ್ತರ ಏಳು ಅಂಗುಲವಾದರೆ ಹದಿನೆಂಟು ಏರಿಕೆ. ಒಂಬತ್ತೊಂಬತ್ತರಂತೆ ಎರಡು ಮಡಿಕೆ ಮಾಡಿ, ಹತ್ತು ಅಂಗುಲದ ತುಳಿತ, ಮೂರಡಿ ಅಗಲ, ನಡುವೆ ತಿರುವಿನ ಕಟ್ಟೆ ಇಟ್ಟರೆ ಆರೂಕಾಲು ಅಡಿ ಅಗಲ, ಒಂಬತ್ತು ಮುಕ್ಕಾಲು ಅಡಿ ಉದ್ದ ಹೋಯಿತು: ಅರವತ್ತು ಚದರಡಿ. ಜಾಗ ಉಳಿಸಲು ಏರಿಕೆಯನ್ನು ಒಂಬತ್ತು ಅಂಗುಲ ಮಾಡಿದ ಜಿನೆಯನ್ನು ಅರವತ್ತು ದಾಟಿದವರು ಹತ್ತುವುದನ್ನು ನೋಡಿದರೆ ಆ ಉಳಿತಾಯ ಎಂಥದೆಂದು ತಿಳಿಯುತ್ತದೆ.

ಜಿನೆಯನ್ನು ಹೊರಗಿಡಬೇಕೋ ಒಳಗೋ ಎನ್ನುವುದು ಇಲ್ಲಿ ಕೇವಲ ಜಾಗದ ಪ್ರಶ್ನೆಯಲ್ಲ, ಪಾಲಿನ ಪ್ರಶ್ನೆ. ಅಣ್ಣತಮ್ಮಂದಿರು ಬೇರೆಯಾದಾಗ ಹಳೆಯ ಪಡಸಾಲೆಯ ನಟ್ಟನಡುವೆ ಗೋಡೆ ಏಳುತ್ತದೆ. ಒಬ್ಬನಿಗೆ ತಲಬಾಗಿಲು, ಇನ್ನೊಬ್ಬನಿಗೆ ಹಿತ್ತಲು. ಬೆಳಕಿಂಡಿ ಯಾರದು ಎಂದು ಜಗಳ. ಅಂಥ ಕತ್ತಲ ಅರೆಮನೆಗಳು ಈ ಮೂರೂ ತಾಲೂಕುಗಳ ಹಳೆಯ ಓಣಿಗಳಲ್ಲಿ ಬೇಕಾದಷ್ಟಿವೆ. ಗೃಹಪ್ರವೇಶಕ್ಕೆ ಮೊದಲೇ ಬೇರೆಯಾಗುವ ಮಾತು ಅಪಶಕುನ ಎನ್ನುವವರುಂಟು. ಇಬ್ಬರು ಗಂಡುಮಕ್ಕಳಿರುವ ಮನೆಯಲ್ಲಿ ಜಿನೆ ಹೊರಗಿನಿಂದಲೂ ಒಳಗಿನಿಂದಲೂ ತೆರೆಯುವಂತೆ, ಮೇಲೆ ಅಡುಗೆಮನೆಯ ಪೈಪು ಬರುವಂತೆ, ಮೀಟರು ಎರಡು ಕೂರುವಂತೆ ಮಾಡಿಟ್ಟುಕೊಂಡರೆ ಯಾವ ಶಕುನವೂ ಕೆಡುವುದಿಲ್ಲ. ಮಕ್ಕಳು ಕೂಡಿದ್ದರೆ ಮೇಲಿನ ಮನೆ ಬಾಡಿಗೆಗೆ ಹೋಗುತ್ತದೆ.

ಮುಪ್ಪಿನವರಿಗೆ ಕೆಳಮನೆಯಲ್ಲೇ ಒಂದು ಕೋಣೆ, ಅದಕ್ಕೆ ಹತ್ತಿರ ಸಂಡಾಸು, ಮೂರಡಿ ಅಗಲದ ಬಾಗಿಲು ಇರಲಿ. ಶೋಷಣಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರು ದೂರವಿರಬೇಕು. ಎರೆಯಲ್ಲಿ ನೀರು ಸುಲಭಕ್ಕೆ ಇಂಗುವುದಿಲ್ಲ, ಆದ್ದರಿಂದ ಒಳಚರಂಡಿ ಇಲ್ಲದಲ್ಲಿ ಗುಂಡಿಯ ಸುತ್ತ ಖಡಿ ಉಸುಕು ತುಂಬಿ ದೊಡ್ಡದಾಗಿಯೇ ಮಾಡಬೇಕು. ಮಾಳಿಗೆಯ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಸಾವಿರ ಚದರಡಿಯ ಮಾಳಿಗೆಯ ಮೇಲೆ ಐನೂರು ಮಿಲಿಮೀಟರು ಮಳೆ ಬಿದ್ದರೆ ನಲವತ್ತಾರು ಸಾವಿರ ಲೀಟರು, ಹೋದದ್ದು ಹೋಗಿ ಮೂವತ್ತೈದು ಸಾವಿರವಾದರೂ ತೊಟ್ಟಿಗೆ ಬರುತ್ತದೆ.

ಆಯ

ಮನೆಯ ಹೊರ ಅಳತೆಯ ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷ ಆಯ. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಒಳ್ಳೆಯದು, ಸಮ ಕೆಟ್ಟದ್ದು. ಕೆಲವರು ಮೊದಲು ಒಂಬತ್ತರಿಂದ ಗುಣಿಸುತ್ತಾರೆ. ಶೇಷ ಅದೇ ಬರುತ್ತದೆ. 30ಕ್ಕೆ 40 ಕಟ್ಟಿದರೆ 1,200, ಶೇಷವಿಲ್ಲ, ಕಾಕಾಯ. 29ಕ್ಕೆ 39 ಮಾಡಿದರೆ 1,131, ಶೇಷ ಮೂರು, ಸಿಂಹ. ನಕ್ಷೆಗಳಲ್ಲಿ 29, 39, 27, 33 ಮುಂತಾದ ಅಂಕಿಗಳು ಮೇಲಿಂದ ಮೇಲೆ ಬರುವುದು ಇದರಿಂದಲೇ. ಒಂದು ಗುಂಟೆಯೇ ಧ್ವಜಾಯ ಎನ್ನುವುದು ಒಂದು ತಮಾಷೆ: 1,089ರಲ್ಲಿ ಉಳಿಯುವುದು ಒಂದು. ಅಡಿ ಬಿಟ್ಟು ಮೀಟರಿನಲ್ಲಿ ಅಳೆದರೆ ಅದೇ ಮನೆಗೆ ಬೇರೆ ಆಯ ಬರುತ್ತದೆ. ಒಂದಡಿ ಅತ್ತಿತ್ತ ಮಾಡಿಕೊಂಡು ಮನೆಯವರ ಮನಸ್ಸಿಗೆ ಸಮಾಧಾನ ಆಗುವುದಾದರೆ ಎಂಜಿನಿಯರು ಹಟ ಹಿಡಿಯಬೇಕಿಲ್ಲ. ಆದರೆ ದಿಕ್ಕಿನ ಹೆಸರಿನಲ್ಲಿ ಪಶ್ಚಿಮದ ಬಿಸಿಲನ್ನು ಮಲಗುವ ಕೋಣೆಗೆ ಕರೆತರುವುದು, ಇರುವ ಒಂದೇ ಕಿಟಕಿ ಮುಚ್ಚಿಸುವುದು, ಕಟ್ಟಿದ ಸಂಡಾಸು ಒಡೆಸುವುದು ಶಾಸ್ತ್ರವೂ ಅಲ್ಲ, ಸೌಖ್ಯವೂ ಅಲ್ಲ.

ಸಾಮಗ್ರಿ

ಇಟ್ಟಂಗಿ, ಸಿಮೆಂಟಿನ ಬ್ಲಾಕು, ಕಲ್ಲು ಮೂರೂ ಇಲ್ಲಿ ಸಿಗುತ್ತವೆ. ಖಾನಾಪುರ ಇಟ್ಟಂಗಿ ಹಂಚುಗಳಿಗೆ ಹೆಸರಾದ ಊರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ವಿಭಾಗ ಜಾಗದ ಮಣ್ಣಿಗೇ ತುಸು ಸಿಮೆಂಟು ಬೆರೆಸಿ ಒತ್ತುವ ಇಟ್ಟಿಗೆಯನ್ನು ಬೆಳೆಸಿತು. ಮಸಾರಿ ಗರಸಿಗೆ ಅದು ಒಗ್ಗುತ್ತದೆ, ಎರೆಮಣ್ಣಿಗೆ ಹಾಗೆಯೇ ಒಗ್ಗದು. ನೆಲಕ್ಕೆ ಹೊಳೆಯುವ ಟೈಲ್ಸಿಗಿಂತ ಶಹಾಬಾದ ಫರಸಿ ಬೇಸಗೆಯಲ್ಲಿ ತಂಪು, ಮಳೆಗಾಲದಲ್ಲಿ ಜಾರುವುದೂ ಕಡಿಮೆ. ಬೀಗರೆದುರು ಬಡತನ ಕಾಣುತ್ತದೆಂದು ಅದನ್ನು ಬಿಡುವವರೇ ಹೆಚ್ಚು. ಸ್ಲ್ಯಾಬಿನ ಮೇಲೆ ಬಿಳಿ ಚೂರುಟೈಲು ಅಂಟಿಸಿದರೆ, ಕೊನೆಗೆ ಸುಣ್ಣ ಬಳಿದರೂ, ಮೇ ತಿಂಗಳಿನಲ್ಲಿ ಕೆಳಗೆ ಮಲಗಬಹುದು.

ಭೂಮಿಪೂಜೆ ಮುಗಿದು ಪಾಯ ತೋಡುವ ಮುನ್ನ ‘ಲೈನ್‌ಔಟ್’ ಹಾಕುತ್ತಾರೆ. ಗವಂಡಿ ದಾರ ಎಳೆದು, ಒಂದು ಬದಿ ಮೂರಡಿ, ಇನ್ನೊಂದು ನಾಲ್ಕಡಿ ಗುರುತು ಮಾಡಿ, ಓರೆ ಅಳತೆ ಐದಡಿ ಬಂತೆಂದರೆ ಮೂಲೆ ಸರಿ ಎಂದುಕೊಂಡು, ದಾರದ ಗುಂಟ ಸುಣ್ಣ ಉದುರಿಸುತ್ತಾನೆ. ಕಾಗದದ ಮೇಲಿನ ಕೋಣೆಗಳು ಅವತ್ತು ಮೊದಲ ಸಲ ನಿಜ ಅಳತೆಯಲ್ಲಿ ಕಾಣುತ್ತವೆ, ಮತ್ತು ಎಲ್ಲರಿಗೂ ಸಣ್ಣವೆನಿಸುತ್ತವೆ. ಅವತ್ತು ಎಂಜಿನಿಯರು, ಗವಂಡಿ, ಯಜಮಾನ ಮೂವರೇ ನಿಂತು ಮುಗಿಸಬೇಡಿ. ಮನೆಯ ಹೆಣ್ಣುಮಕ್ಕಳನ್ನೂ ಅವ್ವನನ್ನೂ ಕರೆದುಕೊಂಡು ಹೋಗಿ, ಗೆರೆಯೊಳಗೆ ಓಡಾಡಲು ಬಿಡಿ; ಅಡುಗೆಮನೆಯಲ್ಲಿ ಕೂತು ನೋಡಲಿ, ಹಾಸಿಗೆಯಿಂದ ಬಚ್ಚಲಿಗೆ ಹೆಜ್ಜೆ ಎಣಿಸಲಿ. ಗೆರೆ ಅಳಿಸಿ ಮತ್ತೆ ಹಾಕಲು ಅವತ್ತು ಹಿಡಿಯುವುದು ಒಂದು ಬೊಗಸೆ ಸುಣ್ಣ, ಅರ್ಧ ಗಂಟೆ.